ಕೇಸ್ ಶೀಟಿನಲ್ಲಿ ‘ಅಫೇಸಿಯಾ’ ಅಂತ ಬರೆಯುವ ಮುಂಚೆ

ಸ್ಪೀಚ್ ಥೆರಪಿಸ್ಟ್ ಆದ ನನಗೆ ಬಂದ ರೆಫರಲ್ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಅಫೇಸಿಯಾ, ಸ್ಪೀಚ್ ಎಕ್ಸರ್‌ಸೈಜ್ ಶುರು ಮಾಡಿ.’ ಅಫೇಸಿಯಾ ಅಂದರೆ ಮಿದುಳಿಗೆ ಪೆಟ್ಟಾಗಿ ಭಾಷೆಯೇ ಕೈಕೊಡುವುದು. ಪೇಷಂಟ್‌ಗೆ ಮಿದುಳಕಾಂಡದ ಪಾನ್ಸ್ ಅನ್ನೋ ಭಾಗದಲ್ಲಿ ಸ್ಟ್ರೋಕ್, ಎಡಗೈ ಎಡಗಾಲಿಗೆ ಶಕ್ತಿಯಿಲ್ಲ, ಮೂಗಿನಲ್ಲಿ ಆಹಾರ ಕೊಡುವ ರೈಲ್ಸ್ ಟ್ಯೂಬ್. ಚನ್ನಗಿರಿ ಕಡೆಯ ತೋಟದವರು. ಬಾಯಿ ತೆರೆದರೆ ಮೂಗಿನಲ್ಲಿ ಗೊಣಗಿದಂಥ ದನಿ, ಒಂದಕ್ಷರವೂ ಬಿಡಿಸಿ ಕೇಳದು. ‘ಬಲಗೈ ಎತ್ತಿ, ಕಿಟಕಿ ತೋರಿಸಿ, ಆಮೇಲೆ ಕಣ್ಣು ಮುಚ್ಚಿ’ ಅಂದೆ. ಮೂರನ್ನೂ ಅದೇ ಕ್ರಮದಲ್ಲಿ ಮಾಡಿದರು. ಇದರಲ್ಲಿ ಅಫೇಸಿಯಾ ಎಲ್ಲಿದೆ? ಇದು ಡಿಸಾರ್ಥ್ರಿಯಾ. ಭಾಷೆ ಪೂರ್ತಿ ನೆಟ್ಟಗಿದೆ. ನಾಲಿಗೆ, ತುಟಿ, ಅಂಗುಳಕ್ಕೆ ಆಜ್ಞೆ ತಲುಪುತ್ತಿಲ್ಲ.

‘ಅಪ್ಪಂಗೆ ಈಗ ಏನೂ ತಿಳಿಯಂಗಿಲ್ಲ ಮೇಡಂ, ನನ್ನೇ ಕೇಳ್ರಿ’ ಅಂದ ಮಗ. ಅಕ್ಷರದ ಚಾರ್ಟನ್ನು ಅವರ ಬಲಗೈ ಕೆಳಗಿಟ್ಟೆ.

ಬೆರಳು ‘ಅ’ ಮೇಲೆ ನಿಂತಿತು. ತಡವರಿಸುತ್ತ ‘ಡ’ಕ್ಕೆ ಬಂತು. ‘ಅಡುಗೆ! ಹಸಿವಾತೇನಪ್ಪ?’ ಅಂದ ಮಗ. ಅವರು ಅಂಗೈಯಿಂದ ಚಾರ್ಟನ್ನು ಬಡಿದರು. ಮತ್ತೆ ‘ಅ’ದಿಂದ ಶುರು. ಸಿಸ್ಟರ್ ಫೀಡ್ ಹಿಡಿದು ನಿಂತಿದ್ದಾರೆ, ಡ್ಯೂಟಿ ಡಾಕ್ಟರು ಪಕ್ಕದ ಬೆಡ್ಡಿನತ್ತ ಹೊರಟಿದ್ದಾರೆ. ‘ಅಡ್ಡ ಮಲಗಿಸಬೇಕಾ’ ಅನ್ನೋ ಪ್ರಶ್ನೆ ನನ್ನ ನಾಲಿಗೆ ತುದಿಗೂ ಬಂದಿತ್ತು, ತಡೆದುಕೊಂಡೆ. ಅ, ಡ, ಕ. ಸ್ವಲ್ಪ ಸುಧಾರಿಸಿಕೊಂಡು ಮ, ರ, ಬ, ಡ.

ಅಡಿಕೆ ಮಾರಬೇಡ.

ಹಿಂದಿನ ದಿನ ಅದೇ ಹಾಸಿಗೆ ಪಕ್ಕ ನಿಂತು ಮಗ ಫೋನಿನಲ್ಲಿ ವ್ಯಾಪಾರಿಗೆ ಮಾತು ಕೊಟ್ಟಿದ್ದನಂತೆ. ಅಪ್ಪ ಪೂರ್ತಿ ಕೇಳಿಸಿಕೊಂಡಿದ್ದಾರೆ.

ಗುಣಿತ, ಒತ್ತಕ್ಷರ ಏನೂ ಬೇಕಾಗಲಿಲ್ಲ, ನೋಡಿ. ಮುಂದೆ ದನಿ ಸ್ವಲ್ಪ ತಿಳಿಯಾದ ಮೇಲೆ ಪ್ರತಿ ಪದದ ಮೊದಲ ಅಕ್ಷರವನ್ನಷ್ಟೇ ತೋರಿಸಿ ಪದ ಹೇಳುವುದನ್ನು ರೂಢಿ ಮಾಡಿಸಿದೆ. ಬೆರಳು ಅಕ್ಷರ ಹುಡುಕುವಷ್ಟರಲ್ಲಿ ಮಾತಿನ ವೇಗ ತಾನಾಗಿ ಇಳಿಯುತ್ತೆ, ಕೇಳುವವರಿಗೂ ಒಂದು ಸುಳಿವು ಸಿಗುತ್ತೆ.

ಮಾತು ಕೇಳಿಯೇ ಡಿಸಾರ್ಥ್ರಿಯಾದ ಬಗೆಗಳನ್ನು ವಿಂಗಡಿಸುವ ದಾರಿಯನ್ನು ಮೇಯೋ ಕ್ಲಿನಿಕ್‌ನ ಡಾರ್ಲಿ, ಆರೊನ್ಸನ್, ಬ್ರೌನ್ 1969ರಲ್ಲೇ ತೋರಿಸಿಕೊಟ್ಟರು. ನಮ್ಮಲ್ಲಿ ಇವತ್ತಿಗೂ ಮಾತು ತೊದಲಿದರೆ ಅಫೇಸಿಯಾ, ಉತ್ತರ ಬರದಿದ್ದರೆ ‘ಕನ್‌ಫ್ಯೂಸ್ಡ್’. ಆ ಒಂದು ಪದ ಶೀಟಿಗೆ ಬಿದ್ದರೆ ಸಹಿಯಿಂದ ಹಿಡಿದು ಎಲ್ಲದಕ್ಕೂ ಮನೆಯವರನ್ನೇ ಕೇಳುತ್ತಾರೆ. ಜೊತೆಗೆ ಎಲ್ಲರಿಗೂ ಒಂದೇ ಜೆರಾಕ್ಸ್ ಹಾಳೆ: ನಾಲಿಗೆ ಚಾಚಿ, ಕೆನ್ನೆ ಉಬ್ಬಿಸಿ, ಊದಿ. ಮಾತು ಸುಧಾರಿಸಬೇಕಾದರೆ ಮಾತನ್ನೇ ಅಭ್ಯಾಸ ಮಾಡಿಸಬೇಕು. ಊದಿದ್ದಕ್ಕೆ ‘ಅಡಿಕೆ’ ಸ್ಪಷ್ಟವಾಗಲ್ಲ.

ಹೊಸದಾಗಿ ಸೇರಿದ ಇಂಟರ್ನ್‌ಗಳಿಗೆ ನಾನು ಹೇಳೋದು ಇಷ್ಟು: ಮೊದಲು ಗ್ರಹಿಕೆ ನೋಡಿ, ಹೌದು–ಇಲ್ಲಕ್ಕೆ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ, ಪೇಷಂಟ್ ಮುಗಿಸೋವರೆಗೂ ಪದ ತುಂಬಬೇಡಿ. ಪ್ರತಿ ಸ್ಟ್ರೋಕ್ ಬೆಡ್ಡಿಗೂ ಒಂದೊಂದು ಲ್ಯಾಮಿನೇಟ್ ಮಾಡಿದ ಚಾರ್ಟ್ ಕೊಡಿ ಅಂತ ಇಂಡೆಂಟ್ ಹಾಕಿದ್ದೇನೆ. ಆ ಇಂಡೆಂಟ್ ಸ್ಟೋರ್ಸ್‌ನಲ್ಲೇ ಕೂತಿದೆ.