ಕಿರ್ಕ್‌ಗೇಟ್‌ನ ಕೆಂಪು ಬಾಗಿಲು

ಇಂಗ್ಲೆಂಡ್ ಸುತ್ತುತ್ತಿರುವ ಗೆಳತಿ ಇವತ್ತು ಒಂದು ಫೋಟೊ ಕಳಿಸಿದಳು. ಯಾರ್ಕ್‌ಶೈರಿನ ಥರ್ಸ್ಕ್ ಪೇಟೆ, ಕಿರ್ಕ್‌ಗೇಟ್ ಬೀದಿ, 23ನೇ ನಂಬರ್. ಕೆಂಪು ಬಾಗಿಲು. ದನದ ಡಾಕ್ಟರ್ ಆಲ್ಫ್ ವೈಟ್ ಕೆಲಸ ಮಾಡುತ್ತಿದ್ದ ಮನೆ! ಈಗ ಮ್ಯೂಸಿಯಂ.

ಜೇಮ್ಸ್ ಹೆರಿಯಟ್ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ದನದ ಡಾಕ್ಟರ್ ಕೆಲಸದ ಅನುಭವಗಳನ್ನು ಪುಸ್ತಕವಾಗಿ ಬರೆಯಲು ಅವರು ಇಟ್ಟುಕೊಂಡ ಹೆಸರು ಅದು. ಒಬ್ಬ ಫುಟ್‌ಬಾಲ್ ಗೋಲ್‌ಕೀಪರ್‌ನದು.

ನನ್ನನ್ನು ಕಾಡುವುದು ಮಾತ್ರ ಅವರ 1942. ಎರಡನೇ ಮಹಾಯುದ್ಧದ ಕಾಲ. ಪಶುವೈದ್ಯರು ಸೈನ್ಯಕ್ಕೆ ಸೇರಲೇಬೇಕು ಅಂತೇನೂ ಇರಲಿಲ್ಲ. ದನಕರು ಚೆನ್ನಾಗಿದ್ದರೆ ತಾನೇ ದೇಶಕ್ಕೆ ಹಾಲು? ಆದರೂ ತಾವಾಗಿಯೇ ವಾಯುಪಡೆ ಸೇರಿದರು. ಮನೆಯಲ್ಲಿ ಹೆಂಡತಿ ಬಸುರಿ. ಟೈಗರ್ ಮಾತ್ ವಿಮಾನವನ್ನು ಒಬ್ಬರೇ ಹಾರಿಸುವಷ್ಟು ಕಲಿತರು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಅವರಿಗೇ ಒಂದು ಆಪರೇಷನ್. ಇನ್ನು ಹಾರಾಟ ಆಗಲ್ಲ ಅಂತ ವಾಯುಪಡೆಯವರು ಅಂದುಬಿಟ್ಟರು. 1943ರ ಕೊನೆಗೆ ವಾಪಸ್.

ಮತ್ತೆ ಅದೇ ಕೆಲಸ. ಕೊರೆಯುವ ಚಳಿಯಲ್ಲಿ ನಡುರಾತ್ರಿ ಶರ್ಟ್ ಬಿಚ್ಚಬೇಕು. ಒಂದು ಬಕೆಟ್ ಬಿಸಿನೀರು, ಸೋಪು. ಭುಜದವರೆಗೂ ನೊರೆ. ಕೊಟ್ಟಿಗೆಯ ಕಲ್ಲುನೆಲದ ಮೇಲೆ ಮಲಗಿ, ಹಸುವಿನ ಒಳಗೆ ಕೈ ಹಾಕಿ, ಮಡಚಿಕೊಂಡಿರುವ ಕರುವಿನ ಕಾಲು ಹುಡುಕಬೇಕು. ಹಸು ತಿಣುಕಿದಾಗಲೆಲ್ಲ ತೋಳು ಹಿಂಡಿದ ಹಾಗಾಗುತ್ತದೆ. ಬೆರಳು ಜೋಮು ಹಿಡಿಯುತ್ತವೆ. ಆದರೂ ಕೈ ತೆಗೆಯುವ ಹಾಗಿಲ್ಲ.

ಎಂಥ ತಾಳ್ಮೆ ಬೇಕು ಅಲ್ವಾ ಅದಕ್ಕೆ? ಯುದ್ಧದ ಕಥೆಗಳಲ್ಲಿ ಇಂಥವರನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ನನಗೆ ಬೇಜಾರಾಗುತ್ತದೆ.

ಬರೆಯಲು ಕೂತಾಗ ವಯಸ್ಸು ಐವತ್ತರ ಹತ್ತಿರ. ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾದ ಮೇಲೂ ಕೊಟ್ಟಿಗೆ ಬಿಡಲಿಲ್ಲ. ಅದು ನನಗೆ ತುಂಬಾ ಇಷ್ಟ.

ನಿಮ್ಮೂರಿನ ದನದ ಡಾಕ್ಟರ್ ಬಗ್ಗೆ ನೆನಪಿದ್ದರೆ ಬರೆಯಿರಿ, ಓದುತ್ತೇನೆ.