306 ಕಿಲೋಮೀಟರ್, ಎಂಟೂವರೆ ಗಂಟೆ

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆಗೆ ಆಕಾಶಮಾರ್ಗದಲ್ಲಿ ನೇರ ಗೆರೆ ಎಳೆದರೆ ಸುಮಾರು 306 ಕಿಲೋಮೀಟರ್. ನನ್ನ ಟಿಕೆಟ್ಟಿನಲ್ಲಿ ಪ್ರಯಾಣದ ಅವಧಿ ಒಂದು ಗಂಟೆ ಐದು ನಿಮಿಷ ಎಂದಿತ್ತು. ಅಮ್ಮನ ಶಸ್ತ್ರಚಿಕಿತ್ಸೆ ಬೆಳಿಗ್ಗೆ ಹತ್ತಕ್ಕೆ ನಿಗದಿಯಾಗಿತ್ತು. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸುಗಳು ನಿಂತಿದ್ದ ಜುಲೈ ತಿಂಗಳು ಅದು. ಹಿಂದಿನ ಸಂಜೆಯ ವಿಮಾನದಲ್ಲಿ ಸೀಟು ಇದ್ದರೂ, ಒಂದು ಗಂಟೆಯ ದಾರಿಗೆ ಬೆಳಿಗ್ಗೆ ಹೊರಟರೆ ಸಾಕೆಂದು ಅದನ್ನು ಬಿಟ್ಟವಳು ನಾನೇ. 6.40ರ ವಿಮಾನಕ್ಕಾಗಿ ಜಯನಗರದ ಮನೆಯಿಂದ 3.45ಕ್ಕೆ ಹೊರಟೆ.

ಟಿಕೆಟ್ಟಿನ ಅವಧಿಯೆಂದರೆ ವಿಮಾನ ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವ ತನಕದ ಹೊತ್ತು. ರನ್‌ವೇ ತನಕ ಸಾಗುವುದೂ ಸರದಿಗೆ ಕಾಯುವುದೂ ಅದರಲ್ಲೇ ಸೇರಿರುತ್ತದೆ. ಗಂಟೆಗೆ 500 ಕಿಲೋಮೀಟರ್ ಆಸುಪಾಸಿನ ವೇಗದ ಎಟಿಆರ್ 72 ವಿಮಾನಕ್ಕೆ ಈ ದೂರ ಹಾರಲು ಬೇಕಾದದ್ದು ಮುಕ್ಕಾಲು ಗಂಟೆಯಷ್ಟೇ.

ನಾವು ಏರಿದ್ದು 7.02ಕ್ಕೆ. ಆ ವಿಮಾನದ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ನನ್ನ ಸೀಟಿನಿಂದ ಚಕ್ರ ಕಾಣುತ್ತಿತ್ತು. ಮೋಡದೊಳಗೆ ಇಳಿಯುತ್ತಿದ್ದಂತೆ ಚಕ್ರ ಹೊರಬಂದು ಅದರ ಮೇಲಿನ ನೀರು ಗಾಳಿಗೆ ಎಳೆಯೆಳೆಯಾಗಿ ಹಿಂದಕ್ಕೆ ಹರಿಯಿತು. ಒಂದು ಕ್ಷಣ ಮಂಜು ಸರಿದು ಕೆಂಪು ಮುರಕಲ್ಲಿನ ಗುಡ್ಡದ ಅಂಚು, ಅದರ ಕೆಳಗೆ ತೆಂಗಿನ ತಲೆಗಳು ಕಂಡವು. ಇನ್ನೇನು ಮುಟ್ಟಿದೆವು ಎನ್ನುವಷ್ಟರಲ್ಲಿ ಎಂಜಿನ್ ಮೊರೆಯಿತು, ಚಕ್ರ ಮತ್ತೆ ಒಳಕ್ಕೆ ಮಡಚಿಕೊಂಡಿತು, ಎಲ್ಲವೂ ಬೆಳ್ಳಗಾಯಿತು. ಬಜಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಅದರ ಅಂಚಿನಾಚೆ ಕಣಿವೆ. 2010ರ ಮೇ 22ರಂದು ಅಲ್ಲಿ 158 ಮಂದಿ ಪ್ರಾಣ ಕಳೆದುಕೊಂಡದ್ದನ್ನು ನಮ್ಮ ಕರಾವಳಿಯವರು ಮರೆತಿಲ್ಲ. ಆದ್ದರಿಂದ, ಅಮ್ಮನ ಹತ್ತಿರ ತಲುಪಬೇಕೆಂಬ ತಳಮಳ ಎಷ್ಟೇ ಇದ್ದರೂ, ಮತ್ತೆ ಮೇಲೇರಿದ ಪೈಲಟ್‌ನ ನಿರ್ಧಾರವನ್ನು ನಾನು ಆಗಲೂ ತಪ್ಪೆನ್ನಲಿಲ್ಲ, ಈಗಲೂ ಅನ್ನುವುದಿಲ್ಲ.

ಮಂಜು ಸರಿಯಲೆಂದು ಅರ್ಧ ಗಂಟೆ ಸುತ್ತು ಹಾಕಿ, ಅದು ಸರಿಯದೆ, ವಿಮಾನ ಬೆಂಗಳೂರಿಗೇ ಮರಳಿತು. ಇಂಧನ ತುಂಬಿಸುವಾಗ ನಾವು ಸೀಟಿನಲ್ಲೇ ಕುಳಿತಿದ್ದೆವು. ಹತ್ತು ಗಂಟೆಗೆ ತಮ್ಮನ ಸಂದೇಶ ಬಂತು: ‘ಒಳಗೆ ಕರಕೊಂಡು ಹೋದರು.’ ಎರಡನೆಯ ಸಲ ಏರಿದ್ದು 10.25ಕ್ಕೆ, ಇಳಿದದ್ದು 11.15ಕ್ಕೆ. ಬಜಪೆಯಿಂದ ಊರೊಳಗಿನ ಆಸ್ಪತ್ರೆ ಸೇರುವಾಗ ಗಡಿಯಾರ 12.15 ತೋರಿಸುತ್ತಿತ್ತು.

ಅಮ್ಮನನ್ನು ಹೊರಗೆ ತಂದದ್ದು ಒಂದೂವರೆಗೆ. ಕಣ್ಣು ಪೂರ್ತಿ ತೆರೆಯದೆ ನನ್ನ ಒದ್ದೆ ಸೆರಗನ್ನು ಬೆರಳಿನಿಂದ ಮುಟ್ಟಿ ನೋಡಿ, “ಹೊರಗೆ ಮಳೆ ಉಂಟಾ?” ಎಂದು ಕೇಳಿದರು.