ಹಿಂಜ್ ಗಟ್ಟಿ, ಪ್ಲಾಸ್ಟಿಕ್ ಪುಡಿ

ಮಗಳು ಕಾಲೇಜಿಗೆ ಸೇರಿದಾಗ 42 ಸಾವಿರ ಕೊಟ್ಟು ಲ್ಯಾಪ್‌ಟಾಪ್ ತೆಗೆಸಿಕೊಟ್ಟಿದ್ದೆ. ಕಳೆದ ವಾರ ಅವಳು ಅದನ್ನು ತೆರೆಯುವಾಗ ಟಕ್ ಅಂತ ಸದ್ದಾಯಿತು. ನೋಡಿದರೆ ಎಡಗಡೆ ಮೂಲೆಯಲ್ಲಿ ಸ್ಕ್ರೀನಿನ ಹಿಂದಿನ ಕವರ್ ಬಾಯಿ ಬಿಟ್ಟುಕೊಂಡಿತ್ತು. "ಅಪ್ಪಾ, ನಾನು ಸುಮ್ನೆ ತೆಗೆದೆ ಅಷ್ಟೇ" ಅಂದಳು, ಕಣ್ಣಲ್ಲಿ ನೀರು. ತಪ್ಪು ಅವಳದಲ್ಲ ಅಂತ ನನಗೆ ಗೊತ್ತು, ಒಂದು ದಿನವೂ ಅದನ್ನು ಬೀಳಿಸಿದವಳಲ್ಲ. ತಂದು 14 ತಿಂಗಳಾಗಿತ್ತು. ವಾರಂಟಿ ಇದ್ದದ್ದು 12.

ಸರ್ವೀಸ್ ಸೆಂಟರಿನಲ್ಲಿ ಮುಖ ಕೂಡ ಎತ್ತಲಿಲ್ಲ. ವಾರಂಟಿ ಇದ್ದಿದ್ದರೂ ಇದು ಫಿಸಿಕಲ್ ಡ್ಯಾಮೇಜ್ ಸಾರ್, ಮೇಲಿನ ಭಾಗ ಪೂರ್ತಿ ಬದಲಿಸಬೇಕು, 11 ಸಾವಿರ ಆಗುತ್ತೆ ಅಂದರು. ನನಗೆ ಮೈ ಉರಿದುಹೋಯಿತು. ಸ್ಕ್ರೀನ್ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ!

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಮೊದಲ ಮಹಡಿಯ ಪುಟ್ಟ ಅಂಗಡಿ, ಇಪ್ಪತ್ತೈದರ ಆಸುಪಾಸಿನ ಹುಡುಗ. ಬಿಚ್ಚಿ, ಲೈಟಿನ ಕೆಳಗೆ ಹಿಡಿದು ತೋರಿಸಿದ. ಹಿಂಜ್, ಅಂದರೆ ಮುಚ್ಚಳ ತಿರುಗುವ ಕೀಲು, ಉಕ್ಕಿನದು, ಕೈಯಲ್ಲಿ ತಿರುಗಿಸಲೂ ಆಗದಷ್ಟು ಬಿಗಿ. ಅದನ್ನು ಕವರಿಗೆ ಹಿಡಿದಿರೋದು ಮೂರು ಸ್ಕ್ರೂ. ಆ ಸ್ಕ್ರೂಗಳು ಕೂರೋದು ಉದ್ದಿನಕಾಳಿನಷ್ಟು ದೊಡ್ಡ ಹಿತ್ತಾಳೆ ನಟ್‌ಗಳಲ್ಲಿ, ಆ ನಟ್‌ಗಳನ್ನು ತೆಳ್ಳಗಿನ ಪ್ಲಾಸ್ಟಿಕ್ ಕಂಬಗಳೊಳಗೆ ಒತ್ತಿ ಕೂರಿಸಿರುತ್ತಾರೆ. ತೆರೆದಾಗ, ಮುಚ್ಚಿದಾಗ ಎಳೆತವೆಲ್ಲ ಬೀಳೋದು ಆ ಕಂಬಗಳ ಮೇಲೆ. ಮೂರೂ ಪುಡಿಯಾಗಿದ್ದವು.

"ನೋಡಿ ಸಾರ್, ಹಿಂಜ್‌ಗೆ ಏನೂ ಆಗಿಲ್ಲ. ಹಿಡ್ಕೊಂಡಿರೋದೇ ಹೋಗಿದೆ. ದಿನಾ ಇಂಥವೇ ಮೂರು ನಾಲ್ಕು ಬರುತ್ವೆ."

ದಿನಾ ಮೂರು ನಾಲ್ಕು ಒಂದೇ ಅಂಗಡಿಗೆ ಬರೋದಾದರೆ ತಯಾರಿಸುವವರಿಗೆ ಇದು ಗೊತ್ತಿಲ್ಲದೆ ಇರುತ್ತಾ? ಅಲ್ಲೊಂದು ಲೋಹದ ಪಟ್ಟಿ ಹಾಕಲು ಎಷ್ಟು ಖರ್ಚಾಗುತ್ತಿತ್ತು? 2011ರಲ್ಲಿ ನಾನು ಕೊಂಡ ಲ್ಯಾಪ್‌ಟಾಪ್ ಈಗ ನಿಧಾನ, ನಿಜ, ಆದರೆ ಅದರ ಮುಚ್ಚಳ ಇವತ್ತಿಗೂ ಅಲುಗಾಡಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ಕೊಂಡ ವಸ್ತುಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ, ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು, ಒಳ್ಳೆಯದೇ. ಆದರೆ ಮೊದಲು ಮುರಿಯದ ಹಾಗೆ ಮಾಡಲಿ ಅಲ್ವಾ?

ಹುಡುಗ ಹಿಂಜ್ ಸ್ವಲ್ಪ ಸಡಿಲ ಮಾಡಿ, ನಟ್‌ಗಳನ್ನು ಮತ್ತೆ ಕೂರಿಸಿ, ಸುತ್ತ ಅರಾಲ್ಡೈಟ್ ಅಂಟು ತುಂಬಿದ. 900 ರೂಪಾಯಿ ತಗೊಂಡ. ಒಂದು ದಿನ ಮುಟ್ಟಬೇಡಿ, ಆಮೇಲೆ ಮೂಲೆ ಹಿಡಿದು ತೆಗೀಬೇಡಿ, ಮಧ್ಯದಲ್ಲಿ ಹಿಡಿದು ನಿಧಾನಕ್ಕೆ ತೆಗೀರಿ ಅಂದ.

ಮಗಳು ಈಗ ಹಾಗೇ ತೆಗೆಯುತ್ತಾಳೆ, ಉಸಿರು ಬಿಗಿಹಿಡಿದು. ಅವಳ ಕೋರ್ಸ್ ಮುಗಿಯಲು ಇನ್ನೂ ಎರಡು ವರ್ಷ ಇದೆ. ಬಲಗಡೆಯದು ಎಷ್ಟು ದಿನ ಬರುತ್ತೋ ಹೇಳಕ್ಕಾಗಲ್ಲ ಅಂತ ಆ ಹುಡುಗ ಆಗಲೇ ಹೇಳಿ ಕಳಿಸಿದ್ದಾನೆ.